ನೈರೋಬಿಯ ಪೇಟೆಯಲ್ಲಿ 1872ರ ಕರಾರು ಕಾಯ್ದೆ

ಕಳೆದ ವರ್ಷ ಮಗಳ ಮನೆಗೆಂದು ನೈರೋಬಿಗೆ ಹೋಗಿ ಮೂರು ವಾರ ಇದ್ದು ಬಂದೆ. ಧಾರವಾಡದ ಸಿವಿಲ್ ಕೋರ್ಟಿನಲ್ಲಿ ಮೂವತ್ತು ವರ್ಷ ಕ್ರಯಪತ್ರ, ಅಡಮಾನಪತ್ರ, ವಾಟ್ನಿಪತ್ರಗಳ ನಡುವೆಯೇ ಕಳೆದವನಿಗೆ ಹೊಸ ಊರಿಗೆ ಹೋದರೂ ಸಿಂಹಕ್ಕಿಂತ ಮೊದಲು ಪೇಟೆಯನ್ನೇ ನೋಡುವ ಚಟ. ಆದ್ದರಿಂದ ಅಳಿಯ ಅಭಯಾರಣ್ಯದ ಟಿಕೆಟ್ ಹುಡುಕುತ್ತಿದ್ದಾಗ ನಾನು ಬಿಯಾಶಾರಾ ರಸ್ತೆಗೆ ಕರೆದುಕೊಂಡು ಹೋಗೆಂದು ಗಂಟುಬಿದ್ದೆ. ಬಿಯಾಶಾರಾ ಎಂದರೆ ಸ್ವಾಹಿಲಿಯಲ್ಲಿ ವ್ಯಾಪಾರ. ಬ್ರಿಟಿಷರ ಕಾಲದಲ್ಲಿ ಅದೇ ರಸ್ತೆಗೆ ಬಜಾರ್ ಸ್ಟ್ರೀಟ್ ಎಂಬ ಹೆಸರಿತ್ತು. ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಪಕ್ಕದಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವಿಟ್ಟುಕೊಂಡು ಒಬ್ಬಾತ ಕಾಂಗಾ ಸೀರೆಯಂಥ ಜೋಡಿ ಬಟ್ಟೆಯನ್ನು ನಡುವೆ ಕತ್ತರಿಸಿ ಅಂಚು ಹೊಲಿಯುತ್ತಿದ್ದ. "ಮಾವಾರ, ಇವನಿಗೆ ಫುಂಡಿ ಅಂತಾರ, ಅಂಗಡಿಗೆ ದುಕಾ ಅಂತಾರ, ನಮ್ಮ ದುಕಾನ ಇದ್ದಂಗ" ಎಂದು ಅಳಿಯ ಹೇಳಿದ. ಚಕ್ರವಿರುವ ವಾಹನ ಗಾರಿ, ಬಟ್ಟೆ ಒಗೆಯುವವನು ದೋಬಿ, ಅಕ್ಕಸಾಲಿಗ ಸೊನಾರಾ, ಲಕ್ಷಕ್ಕೆ ಲಾಕಿ, ವಿಮೆಗೆ ಬೀಮಾ ಎಂದು ಒಂದೊಂದಾಗಿ ಕೇಳುತ್ತಾ ಹೋದಂತೆ, ಬಿಳಿಯರು ತಮಗಾಗಿ ಕಟ್ಟಿಕೊಂಡೆವೆಂದು ಹೇಳುತ್ತಿದ್ದ ಈ ಊರಿನ ನಿತ್ಯದ ಕೆಲಸಗಳೆಲ್ಲ ಯಾರ ಕೈಯಲ್ಲಿದ್ದವೆಂಬುದು ಆ ಪದಗಳಲ್ಲಿಯೇ ಉಳಿದುಕೊಂಡಿದೆ ಎನಿಸಿತು.

ಊರಿನ ಹುಟ್ಟು ಸರಳವಾದದ್ದು. ಮೊಂಬಾಸಾದಿಂದ ಹೊರಟ ಉಗಾಂಡಾ ರೈಲ್ವೆಯ ಹಳಿ 1899ರ ಮೇ ತಿಂಗಳ ಕೊನೆಯಲ್ಲಿ, ಸುಮಾರು 327ನೆಯ ಮೈಲಿನಲ್ಲಿ, ಮಸಾಯಿ ಜನ "ತಣ್ಣೀರಿನ ಜಾಗ" ಎಂದು ಕರೆಯುತ್ತಿದ್ದ ಜವುಗು ಬಯಲನ್ನು ಮುಟ್ಟಿತು. ಮುಂದೆ ಬೆಟ್ಟದ ಏರು ಇದ್ದುದರಿಂದ ಸಾಮಾನು ಸರಂಜಾಮು ಇಳಿಸಲು ಅಲ್ಲಿಯೇ ಡಿಪೋ ಹಾಕಿದರು. ಆ ಹಳಿಯನ್ನು ಹಾಸಲು ಹಿಂದೂಸ್ತಾನದಿಂದ ಕರಾರಿನ ಮೇಲೆ ಹೋದವರು ಸುಮಾರು 32,000 ಮಂದಿ; ಅವರಲ್ಲಿ ಸುಮಾರು 2,500 ಜನ ಅಲ್ಲಿಯೇ ಸತ್ತರು, ಆರು ಸಾವಿರಕ್ಕೂ ಹೆಚ್ಚು ಜನ ಕರಾರು ಮುಗಿದ ಮೇಲೂ ಅಲ್ಲಿಯೇ ನಿಂತರು. ಆದರೆ ಪೇಟೆಯ ವ್ಯಾಪಾರಿಗಳೆಲ್ಲ ಈ ಕೂಲಿಗಳ ಸಂತತಿಯೆಂದು ತಿಳಿಯುವುದು ತಪ್ಪು. ಅವರಲ್ಲಿ ಹೆಚ್ಚಿನವರು ಕಛ್, ಕಾಠಿಯಾವಾಡ, ಪಂಜಾಬ್, ಗೋವಾಗಳಿಂದ ತಮ್ಮ ಖರ್ಚಿನಲ್ಲಿಯೇ ಹಡಗು ಹತ್ತಿ ಬಂದವರು.

ನೆಲಸಲು ಬಂದ ಬಿಳಿಯರಿಗೆ ಹೊಲ ಸಿಕ್ಕಿತು, ಆದರೆ ಹೊಲ ಸಿಕ್ಕ ಮಾತ್ರಕ್ಕೆ ಊರು ನಡೆಯುವುದಿಲ್ಲ. ಬಾಗಿಲಿಗೆ ಚೌಕಟ್ಟು ಕೂಡಿಸುವ ಬಡಗಿ, ಗಾಡಿಯ ಗಾಲಿಗೆ ಪಟ್ಟಿ ಬಡಿಯುವ ಕಮ್ಮಾರ, ಕಲ್ಲು ಕಟ್ಟುವ ಗೌಂಡಿ ಬೇಕು. ಈ ಕೆಲಸಗಳಲ್ಲಿ ಪಂಜಾಬಿನ ಸಿಖ್ಖರ ಕೈ ಮೇಲಾಯಿತು. ಕಚೇರಿಯ ಗುಮಾಸ್ತಿಕೆಯನ್ನೂ ಸಾಹೇಬರ ಸೂಟು ಹೊಲಿಯುವುದನ್ನೂ ಹೆಚ್ಚಾಗಿ ಗೋವೆಯವರು ವಹಿಸಿಕೊಂಡರು. ಎತ್ತಿನ ಉದ್ದ ಸಾಲು ಕಟ್ಟಿದ ಗಾಡಿ ಒಂದೇ ಸುತ್ತಿಗೆ ತಿರುಗಲಿ ಎಂದು ಮುಖ್ಯ ರಸ್ತೆಯನ್ನು ಅಷ್ಟು ಅಗಲವಾಗಿ ಇಟ್ಟರೆಂದು ಇಂದಿಗೂ ಅಲ್ಲಿ ಹೇಳುತ್ತಾರೆ. ಇಂದಿನ ಕೆನ್ಯಾಟಾ ಅವೆನ್ಯೂ ಅದು. 1904ರ ಕ್ರಿಸ್‌ಮಸ್ ದಿನ ಬಾಗಿಲು ತೆರೆದ ನಾರ್ಫೋಕ್ ಹೋಟೆಲು ಬಿಳಿಯರ ಬೈಠಕ್ಕಾಯಿತು. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇರುವುದರಿಂದ ನಾನು ಆ ಜಗಲಿಯನ್ನು ಏರುವುದಿಲ್ಲ.

ವೈದ್ಯರ ವಿಷಯ ಮಾತ್ರ ಹೇಳಲೇಬೇಕು. ಊರಿನಲ್ಲಿ ಮೊದಲು ಖಾಸಗಿಯಾಗಿ ವೈದ್ಯ ವೃತ್ತಿ ಹಿಡಿದವರು ಗೋವೆಯ ಡಾಕ್ಟರ್ ರೊಸೆಂಡೊ ರಿಬೇರೊ. 1900ರ ಸುಮಾರಿಗೆ ಬಂದು ಡೇರೆಯಲ್ಲಿಯೇ ರೋಗಿಗಳನ್ನು ನೋಡತೊಡಗಿದರು. ಪಳಗಿಸಿದ ಜೀಬ್ರಾ ಒಂದರ ಮೇಲೆ ಕುಳಿತು ರೋಗಿಗಳ ಮನೆಗೆ ಹೋಗುತ್ತಿದ್ದ ಅವರ ಛಾಯಾಚಿತ್ರ ಈಗಲೂ ನೋಡಲು ಸಿಗುತ್ತದೆ. ಕೋಟು, ಟೊಪ್ಪಿಗೆ, ಕೆಳಗೆ ಪಟ್ಟೆಪಟ್ಟೆಯ ವಾಹನ. ನಗು ಬರುವ ಚಿತ್ರವೇ ಸರಿ, ಆದರೆ 1902ರಲ್ಲಿ ಭಾರತೀಯರ ಬಜಾರಿನಲ್ಲಿ ಬಿದ್ದ ಪ್ಲೇಗನ್ನು ಗುರುತಿಸಿ ಸರ್ಕಾರಕ್ಕೆ ತಿಳಿಸಿದವರೂ ಅವರೇ. ಸರ್ಕಾರ ಕಂಡುಕೊಂಡ ಮದ್ದು ಬೆಂಕಿ. ತಗಡು ಮತ್ತು ಕ್ಯಾನ್ವಾಸಿನ ಇಡೀ ಬಜಾರನ್ನು ಸುಟ್ಟುಹಾಕಿದರು. ಮುಂದೆ ಸುಮಾರು ಹತ್ತು ವರ್ಷಗಳ ನಂತರ ಪ್ರೊಫೆಸರ್ ಸಿಂಪ್ಸನ್ ಎಂಬ ನೈರ್ಮಲ್ಯ ತಜ್ಞರು ಬಂದು, ಜನಾಂಗಕ್ಕೊಂದು ಓಣಿಯಾಗಿ ಊರನ್ನು ಬೇರ್ಪಡಿಸಬೇಕೆಂದು ವರದಿ ಬರೆದರು. ಚರಂಡಿ ತೋಡಿಸಿ, ನೀರು ಕೊಟ್ಟು ಮುಗಿಸಬಹುದಾಗಿದ್ದ ಕೆಲಸಕ್ಕೆ ಜಾತಿಯ ಗೋಡೆ ಕಟ್ಟುವುದು ಹೇಗೆಂದು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪೇಟೆಯ ದೊಡ್ಡ ಕುಳ ಕರಾಚಿಯಲ್ಲಿ ಹುಟ್ಟಿದ ಅಲಿಭಾಯಿ ಮುಲ್ಲಾ ಜೀವನ್‌ಜಿ. ರೈಲ್ವೆಗೆ ಆಳು ಮತ್ತು ಸಾಮಾನು ಪೂರೈಸುವ ಗುತ್ತಿಗೆಯಿಂದ ಮೇಲೆ ಬಂದ ಈತ ಮೊಂಬಾಸಾದಲ್ಲಿ ಆರಂಭಿಸಿದ ಪತ್ರಿಕೆಯನ್ನು 1905ರಲ್ಲಿ ಬಿಳಿಯರಿಗೆ ಮಾರಿದರು. ಅದೇ ಮುಂದೆ ನೆಲಸಿಗರ ಮುಖವಾಣಿಯಾದ ಈಸ್ಟ್ ಆಫ್ರಿಕನ್ ಸ್ಟ್ಯಾಂಡರ್ಡ್. ಊರಿಗೆ ಉದ್ಯಾನವನ್ನೂ ಕೊಟ್ಟರು; ಜೀವನ್‌ಜಿ ಗಾರ್ಡನ್ಸ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಇದೆ. ಅಲ್ಲಿಯ ಬೆಂಚಿನ ಮೇಲೆ ಕುಳಿತು ನಾನು ಶೇಂಗಾ ತಿಂದೆ. ಕಛ್‌ನ ಅಲ್ಲಿದಿನಾ ವಿಶ್ರಾಮ್ ಅವರ ದಾರಿ ಬೇರೆ. ಹಳಿ ಮುಂದೆ ಹೋದಲ್ಲೆಲ್ಲ ಒಂದೊಂದು ದುಕಾ ತೆರೆಯುತ್ತಾ ಕರಾವಳಿಯಿಂದ ಉಗಾಂಡಾದವರೆಗೆ ಅಂಗಡಿಗಳ ಸರಪಳಿಯನ್ನೇ ಹೆಣೆದರು.

ಆ ಸರಪಳಿಯನ್ನು ಎಳೆದು ಹಿಡಿದದ್ದು ಉದ್ರಿ. ಮುಂಬಯಿಯ ಸಗಟು ವ್ಯಾಪಾರಿ ಮೊಂಬಾಸಾದವನಿಗೆ, ಮೊಂಬಾಸಾದವನು ನೈರೋಬಿಯವನಿಗೆ, ನೈರೋಬಿಯವನು ಹಳ್ಳಿಯ ದುಕಾದ ಹುಡುಗನಿಗೆ ಉದ್ರಿಯ ಮೇಲೆ ಸರಕು ಕೊಡುತ್ತಿದ್ದ. ಕೆಳಗೆ ಹೋಗುತ್ತಿದ್ದದ್ದು ಮೆರಿಕಾನಿ ಎಂದು ಕರೆಯುತ್ತಿದ್ದ ಕೋರಾ ಬಟ್ಟೆ, ಉಪ್ಪು, ಸಕ್ಕರೆ, ಚಿಮಣಿ ಎಣ್ಣೆ, ತಂತಿ, ಮಣಿ. ಮೇಲೆ ಬರುತ್ತಿದ್ದದ್ದು ತೊಗಲು, ತುಪ್ಪ, ಗೋವಿನಜೋಳ. ಕೊಡುವವನಿಗೂ ಕೊಳ್ಳುವವನಿಗೂ ಒಂದೇ ಊರು, ಒಂದೇ ಜಮಾತು, ಇಲ್ಲವೇ ಬೀಗತನ ಇರುತ್ತಿದ್ದುದರಿಂದ ಜಾಮೀನು ಬೇರೆ ಬೇಕಾಗುತ್ತಿರಲಿಲ್ಲ. ಹುಬ್ಬಳ್ಳಿಯ ಅಡತಿ ಅಂಗಡಿಯ ಕಿರ್ದಿ ಖಾತೆ ನೋಡಿದವರಿಗೆ ಇದೆಲ್ಲ ಹೊಸದಲ್ಲ. ಹೊಸದೆಂದರೆ, ದರ್ಪದಿಂದ "ಬನಿಯಾ" ಎಂದು ಹೀಗಳೆಯುತ್ತಿದ್ದ ಬಿಳಿಯ ಜಮೀನುದಾರರಲ್ಲಿ ಹಲವರು ಫಸಲು ಕೈಗೆ ಬರುವ ತನಕ ಹಿಟ್ಟು, ಸೀಮೆಎಣ್ಣೆಗಳಿಗೆ ಅದೇ ಅಂಗಡಿಯ ಖಾತೆಯನ್ನು ನಂಬಿಕೊಂಡಿದ್ದದ್ದು.

ಈಗ ನನ್ನ ವೃತ್ತಿಗೆ ಬರುತ್ತೇನೆ. ಅಲ್ಲಿಗೆ ಹಡಗಿನಲ್ಲಿ ಹೋದ ಸರಕುಗಳಲ್ಲಿ ಕಾನೂನೂ ಒಂದು. ಬ್ರಿಟಿಷರು ಪೂರ್ವ ಆಫ್ರಿಕಕ್ಕೆ ಹೊಸ ಕಾಯ್ದೆಗಳನ್ನು ಬರೆಯುವ ಗೋಜಿಗೆ ಹೋಗದೆ, ಹಿಂದೂಸ್ತಾನಕ್ಕೆಂದು ಬರೆದಿಟ್ಟಿದ್ದನ್ನೇ ಎತ್ತಿಕೊಂಡು ಹೋಗಿ ಹಚ್ಚಿದರು. 1872ರ ಕರಾರು ಕಾಯ್ದೆ, ಅದೇ ವರ್ಷದ ಸಾಕ್ಷ್ಯ ಕಾಯ್ದೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆ, ದಂಡಸಂಹಿತೆ, ಎಲ್ಲವೂ ನಮ್ಮವೇ. ಪಕ್ಕದ ಜಾಂಜಿಬಾರಿನ ಬ್ರಿಟಿಷ್ ಕೋರ್ಟನ್ನಂತೂ ಮುಂಬಯಿ ಪ್ರಾಂತದ ಒಂದು ಜಿಲ್ಲಾ ಕೋರ್ಟೆಂದೇ ಎಣಿಸಿ, ಮೇಲ್ಮನವಿಯನ್ನು ಮುಂಬಯಿ ಹೈಕೋರ್ಟಿಗೆ ಕಳಿಸುತ್ತಿದ್ದರು. ಆಗ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲಿಯೇ ಇದ್ದುದರಿಂದ, ಲವಂಗದ ವ್ಯಾಪಾರಿಯ ತಕರಾರೂ ನಮ್ಮ ಹತ್ತಿಯ ವ್ಯಾಪಾರಿಯ ತಕರಾರೂ ಕೊನೆಗೆ ಏರಬೇಕಾದ ಮೆಟ್ಟಿಲು ಒಂದೇ ಆಗಿತ್ತು. ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲವೆಂದರೆ ಮಗಳು ನಗುತ್ತಾಳೆ.

ಭಾರತೀಯ ವಕೀಲನಿಗೆ ನೈರೋಬಿಯಲ್ಲಿ ಕೆಲಸ ಏಕೆ ಸಿಕ್ಕಿತೆಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಕಕ್ಷಿದಾರನ ಗುಜರಾತಿ ಖಾತೆಪುಸ್ತಕವನ್ನು ಅವನು ಓದಬಲ್ಲವನಾಗಿದ್ದ, ಕಾಯ್ದೆಯ ಕಲಮುಗಳು ಅವನಿಗೆ ಮೊದಲೇ ಬಾಯಿಪಾಠವಾಗಿದ್ದವು. ಆದರೆ ಅವನು ಎಷ್ಟು ಚೆನ್ನಾಗಿ ಕ್ರಯಪತ್ರ ಬರೆಯಬಲ್ಲವನಾದರೂ ಒಂದು ಕಡೆಗೆ ಲೇಖನಿ ನಿಲ್ಲಬೇಕಾಗಿತ್ತು. ಪ್ರಾಪ್ತವಯಸ್ಕನೂ ಸ್ವಸ್ಥಚಿತ್ತನೂ ಆದವನು ಕರಾರು ಮಾಡಬಹುದೆಂದು ಕರಾರು ಕಾಯ್ದೆಯ 11ನೆಯ ಕಲಮು ಹೇಳಿದರೆ, ಎತ್ತರದ ಒಳ್ಳೆಯ ಭೂಮಿಯನ್ನು ಬಿಳಿಯರಿಗಷ್ಟೇ ಮೀಸಲಿಟ್ಟ ಸರ್ಕಾರ, ಒಂದು ಜನಾಂಗದವರು ಇನ್ನೊಂದು ಜನಾಂಗದವರಿಗೆ ಭೂಮಿ ಪರಭಾರೆ ಮಾಡುವುದನ್ನು ತಡೆಯುವ ಅಧಿಕಾರವನ್ನು 1915ರ ಭೂ ಕಾನೂನಿನಲ್ಲಿ ಗವರ್ನರಿಗೆ ಕೊಟ್ಟಿತು. ಅದೇ ಕಾನೂನಿನಲ್ಲಿ ನೆಲಸಿಗರಿಗೆ 999 ವರ್ಷಗಳ ಗುತ್ತಿಗೆಯ ಅವಕಾಶವಾಯಿತು. ಆ ನೆಲದ ಮೂಲದವರಾದ ಕಿಕುಯು ಜನರ ಗತಿ ಇನ್ನೂ ಕೆಳಗೆ: 1921ರಲ್ಲಿ ಮುಖ್ಯ ನ್ಯಾಯಾಧೀಶ ಬಾರ್ಥ್ ಅವರು, ಅವರೆಲ್ಲ ಸರ್ಕಾರದ ಮರ್ಜಿಯ ಮೇಲಿರುವ ಗೇಣಿದಾರರೆಂದು, ಬೇಡವೆಂದ ದಿನ ಬಿಟ್ಟೇಳಬೇಕಾದವರೆಂದು ತೀರ್ಪು ಕೊಟ್ಟರು. ಮೂವತ್ತು ವರ್ಷಗಳಲ್ಲಿ ಕೆಟ್ಟ ತೀರ್ಪುಗಳನ್ನು ನಾನೂ ಕಂಡಿದ್ದೇನೆ. ಒಂದು ಇಡೀ ಜನದ ಕಾಲ ಕೆಳಗಿನ ನೆಲವನ್ನು ಒಂದು ವಾಕ್ಯದಲ್ಲಿ ಎಳೆದುಕೊಂಡದ್ದನ್ನು ಕಂಡಿರಲಿಲ್ಲ.

ಕಾನೂನಿನ ಜೊತೆಗೆ ನಾಣ್ಯವೂ ನಮ್ಮದೇ ಇತ್ತು. ನೈರೋಬಿಯಲ್ಲಿ ಸಂಬಳ, ಬಾಡಿಗೆ, ಬ್ಯಾಂಕಿನ ಸಾಲ ಎಲ್ಲವೂ ರೂಪಾಯಿಯಲ್ಲಿ. ಒಂದು ಪೌಂಡಿಗೆ ಹದಿನೈದು ರೂಪಾಯಿ. ಮೊದಲ ಮಹಾಯುದ್ಧದ ಹೊತ್ತಿಗೆ ಬೆಳ್ಳಿಯ ಬೆಲೆ ಏರಿ ರೂಪಾಯಿ ತುಟ್ಟಿಯಾಯಿತು. 1920ರಲ್ಲಿ ಸರ್ಕಾರ ಅದನ್ನು ಎರಡು ಶಿಲಿಂಗಿಗೆ, ಅಂದರೆ ಪೌಂಡಿಗೆ ಹತ್ತು ರೂಪಾಯಿಗೆ, ಕಟ್ಟಿಹಾಕಿತು. ಲಂಡನ್ನಿನಲ್ಲಿ ಕಾಫಿ ಮಾರಿ ಪೌಂಡು ಎಣಿಸುವ ನೆಲಸಿಗನೊಬ್ಬ ಬ್ಯಾಂಕಿಗೆ 1,500 ರೂಪಾಯಿ ಕೊಡಬೇಕಾಗಿದ್ದರೆ, ಸಾಲ ತೆಗೆದ ದಿನ ಅದು 100 ಪೌಂಡು, ತೀರಿಸುವ ದಿನ 150. ಸಾಲಪತ್ರದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅದಾದ ಮೇಲೆ ರೂಪಾಯಿ ಹೋಗಿ ಫ್ಲಾರಿನ್, ಅದೂ ಹೋಗಿ ಶಿಲಿಂಗ್ ಬಂದಿತಾದರೂ ದರ ಅದೇ ಆಗಿದ್ದುದರಿಂದ ಹೆಚ್ಚಿದ ಸಾಲ ಹೆಚ್ಚಿಯೇ ಉಳಿಯಿತು. ನೆಲಸಿಗರು ಬ್ಯಾಂಕನ್ನೂ ಸರ್ಕಾರವನ್ನೂ ಬೈದು, ಕೊನೆಗೆ ಕೈಗೆ ಸುಲಭವಾಗಿ ಸಿಕ್ಕಿದ್ದನ್ನು ಹಿಡಿದರು: 1921ರಲ್ಲಿ ಆಫ್ರಿಕನ್ ಕೂಲಿಗಳ ಸಂಬಳದಲ್ಲಿ ಮೂರರಲ್ಲೊಂದು ಪಾಲು ಕಡಿತ ಮಾಡಲು ಹೊರಟರು. ಅದನ್ನು ವಿರೋಧಿಸಿ ಎದ್ದ ಹ್ಯಾರಿ ಥುಕು ಖಜಾನೆ ಇಲಾಖೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ ಯುವಕ; ಕುಳಿತು ಬರೆಯಲು ಅವನಿಗೆ ಜಾಗ ಕೊಟ್ಟದ್ದು ಎಂ. ಎ. ದೇಸಾಯಿ ಎಂಬ ಭಾರತೀಯ ಪತ್ರಕರ್ತರ ಕಚೇರಿ.

ಹಾಗೆಂದು ನಮ್ಮವರೆಲ್ಲ ನ್ಯಾಯದ ಪಕ್ಷದಲ್ಲಿದ್ದರೆಂದು ಬರೆದರೆ ಅದು ಸುಳ್ಳು ಸಾಕ್ಷಿಯಾಗುತ್ತದೆ. ಉದ್ರಿಯ ಸರಪಳಿ ಜಮಾತಿನ ಹೊರಗೆ ಹೋಗಲಿಲ್ಲ. ಅಂಗಡಿಯ ಹಿಂದೆ ಮೂಟೆ ಹೊರುತ್ತಿದ್ದ ಆಫ್ರಿಕನ್ ಹುಡುಗ ಅಂಗಡಿಯ ಮುಂದೆ ಗಲ್ಲೆಯ ಮೇಲೆ ಕೂಡುವ ದಿನ ಬಹಳ ತಡವಾಗಿ ಬಂದಿತು. ಸ್ವಾತಂತ್ರ್ಯ ಬಂದ ಮೇಲೆ 1967ರ ವ್ಯಾಪಾರ ಪರವಾನಗಿ ಕಾಯ್ದೆ ಪೌರತ್ವವಿಲ್ಲದ ವ್ಯಾಪಾರಿಗಳ ಮೇಲೆ ಬಿದ್ದಾಗ, ಆ ಕಾಯ್ದೆಯ ಹಿಂದೆ ಅಂಥ ಹುಡುಗರ ಸಿಟ್ಟೂ ಇತ್ತು. ಇನ್ನೊಂದು ಕಡೆ, ಮುಂದೆ ಕೀನ್ಯಾದ ಮೊದಲ ಅಧ್ಯಕ್ಷರಾದ ಜೋಮೊ ಕೆನ್ಯಾಟಾ ಅವರನ್ನು 1952-53ರಲ್ಲಿ ಕಾಪೆಂಗುರಿಯಾದಲ್ಲಿ ವಿಚಾರಣೆಗೆ ಒಳಪಡಿಸಿದಾಗ ಇಂಗ್ಲೆಂಡಿನ ಬ್ಯಾರಿಸ್ಟರ್ ಡಿ. ಎನ್. ಪ್ರಿಟ್ ಅವರ ಜೊತೆಗೆ ವಕೀಲರಾಗಿ ನಿಂತವರಲ್ಲಿ ಎ. ಆರ್. ಕಪಿಲಾ, ಫಿಟ್ಜ್ ಡಿಸೋಜಾ, ಜಸ್ವಂತ್ ಸಿಂಗ್ ಇದ್ದರು, ದೆಹಲಿಯಿಂದ ದಿವಾನ್ ಚಮನ್‌ಲಾಲ್ ಹೋಗಿದ್ದರು. ಆಗಲೂ ಅಲ್ಲಿ ಚಾಲ್ತಿಯಲ್ಲಿದ್ದದ್ದು ನಮ್ಮ 1872ರ ಸಾಕ್ಷ್ಯ ಕಾಯ್ದೆಯೇ.

ದಂಡಸಂಹಿತೆಯನ್ನು ಕೀನ್ಯಾ 1930ರಲ್ಲಿ ಬದಲಿಸಿತು, ಕರಾರು ಕಾಯ್ದೆಯನ್ನು 1961ರ ಆರಂಭದಲ್ಲಿ, ಸಾಕ್ಷ್ಯ ಕಾಯ್ದೆಯನ್ನು 1963ರಲ್ಲಿ. ಸ್ವತ್ತು ವರ್ಗಾವಣೆ ಕಾಯ್ದೆ ಮಾತ್ರ 2012ರವರೆಗೂ ಅಲ್ಲಿ ಬದುಕಿತ್ತು. ನಾನು ಧಾರವಾಡದಲ್ಲಿ ಅಡಮಾನದ ದಾವೆಗೆ ವಾದಪತ್ರ ಬರೆಯುತ್ತಿದ್ದ ಅವೇ ವರ್ಷಗಳಲ್ಲಿ ನೈರೋಬಿಯ ಯಾರೋ ವಕೀಲರು ಅದೇ 58ನೆಯ ಕಲಮಿಗೆ ಬೆರಳಿಟ್ಟು ಓದುತ್ತಿದ್ದರು.

ಅಂದು ಕಾಂಗಾದ ಅಂಚು ಹೊಲಿದು ಮುಗಿಯುವವರೆಗೆ ನಾವು ಮೆಟ್ಟಿಲ ಮೇಲೆಯೇ ನಿಂತಿದ್ದೆವು. ಫುಂಡಿ ದಾರವನ್ನು ಹಲ್ಲಿನಿಂದ ಕಡಿದು, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮಗಳ ಕೈಗಿಟ್ಟ. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅವಳು ಮೊಬೈಲಿನಲ್ಲಿ ಎಂ-ಪೇಸಾ ಒತ್ತಿ ಆಗಿತ್ತು. ಪೇಸಾ ಎಂದರೆ ಸ್ವಾಹಿಲಿಯಲ್ಲಿ ಹಣ. ನಮ್ಮ ಪೈಸೆಯೇ ಅದು ಎಂದು ನಾನು ಹೇಳಲು ಬಾಯಿ ತೆರೆದಾಗ, ಫುಂಡಿ ಮುಂದಿನ ಗಿರಾಕಿಯ ಬಟ್ಟೆಯನ್ನು ಆಗಲೇ ಸೂಜಿಯ ಕೆಳಗೆ ಸೇರಿಸಿದ್ದ.