ಮೆಲ್ಲಗೆ ನಡಿ, ರಂಗ ಮಲಗಿದ್ದಾನೆ

ತುಲಾ ಮಾಸದಲ್ಲಿ ಒಂದು ದಿನವಾದರೂ ಕಾವೇರಿಯಲ್ಲಿ ಮುಳುಗೆದ್ದು ಆದಿರಂಗನ, ಅಂದರೆ ಶ್ರೀರಂಗಪಟ್ಟಣದ ರಂಗನಾಥನ, ದರ್ಶನ ಮಾಡಿ ಬರುವುದು ನಮ್ಮ ದೊಡ್ಡಮ್ಮ ತಪ್ಪದೆ ನಡೆಸಿಕೊಂಡು ಬಂದ ವ್ರತ. ಈಗ ಅವರಿಗೆ ಮನೆಯ ಮೆಟ್ಟಿಲು ಇಳಿಯುವುದೇ ಕಷ್ಟ. "ಈ ಸಲ ನೀನೇ ಹೋಗಿ ಬಾರೇ, ನನಗೊಂದು ತಂಬಿಗೆ ನೀರು ತಾ" ಅಂದರು. ಬೆಂಗಳೂರಿನಿಂದ ಬೆಳಗ್ಗೆ ಹೊರಟು ಶ್ರೀರಂಗಪಟ್ಟಣ ನೋಡಿ ಕತ್ತಲಾಗುವಷ್ಟರಲ್ಲಿ ಬಂದೆ. ತಂಬಿಗೆ ಮಾತ್ರ ಅಡುಗೆಮನೆ ಕಟ್ಟೆಯ ಮೇಲೇ ಉಳಿದಿತ್ತು.

ಪಶ್ಚಿಮವಾಹಿನಿಯಲ್ಲಿ ಮಿಂದೆ. ಗಾಂಧೀಜಿಯ ಚಿತಾಭಸ್ಮವನ್ನೂ 1948ರಲ್ಲಿ ಬಿಟ್ಟ ಜಾಗವದು. ಅಲ್ಲಿ ನನ್ನ ಕಾಲಿಗೆ ಸುತ್ತಿಕೊಂಡಿದ್ದು ಯಾರೋ ಎಸೆದು ಹೋದ ಪಂಚೆ. ಪಾಪ ತೊಳೆಯೆಂದು ಕಾವೇರಿಯನ್ನು ಬೇಡಿಕೊಂಡು ಅವಳ ಮೈಮೇಲೇ ಹಳೇ ಬಟ್ಟೆ ಬಿಸಾಡುವುದು ಯಾವ ಶಾಸ್ತ್ರವೋ! ದೊಡ್ಡಮ್ಮ ತಂಬಿಗೆಯಲ್ಲಿ ನೀರು ಮೊಗೆದು, ದಡದಲ್ಲಿ ಕಾಲು ತೊಳೆದುಕೊಂಡೇ ಹೊಳೆಗೆ ಇಳಿಯುತ್ತಿದ್ದರು. "ರಂಗನ ಪಾದದ ಹತ್ತಿರ ಕೂರುವವಳು ಕಣೇ, ಕೊಳೆಗಾಲಲ್ಲಿ ತುಳೀಬಾರದು." ಒಳಗೆ ಸ್ವಾಮಿಯ ಪಾದದ ಬಳಿ ಕೂತಿರುವುದೂ ಕಾವೇರಮ್ಮನೇ ತಾನೆ.

ಆಮೇಲೆ ಗುಡಿ. ಗೋಪುರ ಕಂಡ ಕೂಡಲೇ ನನಗೆ ನೆನಪಾಗುವುದು ಗೆಜ್ಜೆ.

ಚಿಕ್ಕಂದಿನಲ್ಲಿ ನನಗೂ ನನ್ನಕ್ಕನಿಗೂ ಬಾಗಿಲಲ್ಲೇ ಕಾಲ್ಗೆಜ್ಜೆ ಬಿಚ್ಚಿಸುತ್ತಿದ್ದರು ದೊಡ್ಡಮ್ಮ. ಒದ್ದೆ ಸೀರೆಯ ಸೆರಗಿನ ತುದಿಗೆ ಅದನ್ನು ಬಿಗಿಯಾಗಿ ಗಂಟು ಹಾಕಿ, "ಮೆಲ್ಲಗೆ ನಡೀರಿ, ರಂಗ ಮಲಗಿದ್ದಾನೆ" ಎನ್ನುತ್ತಿದ್ದರು. ಗೆಜ್ಜೆಯಿಲ್ಲದ ಕಾಲು ಎಷ್ಟು ಹಗುರ! ತಣ್ಣನೆಯ ಕಲ್ಲಿನ ಮೇಲೆ ತುದಿಗಾಲಲ್ಲಿ ನಡೆಯುವಾಗ ನನ್ನ ಉಸಿರೇ ನನಗೆ ಜೋರಾಗಿ ಕೇಳಿಸುತ್ತಿತ್ತು. ವಿಷ್ಣುವಿನ ಇಪ್ಪತ್ನಾಲ್ಕು ರೂಪಗಳನ್ನು ಕೆತ್ತಿದ ಕಂಬಗಳ ಹತ್ತಿರ ನಿಂತು ಅವರು ಕೇಶವ, ನಾರಾಯಣ, ಮಾಧವ ಎಂದು ಒಂದೊಂದಕ್ಕೂ ತುಟಿಯಲ್ಲೇ ಹೆಸರು ಹಿಡಿಯುತ್ತಿದ್ದರು. ದೊಡ್ಡಪ್ಪ ದಿನಾ ಆಚಮನ ಮಾಡುವಾಗ ಒಲೆ ಮುಂದೆ ಕೂತು ಕೇಳಿ ಕಲಿತದ್ದು, ಯಾರೂ ಹೇಳಿಕೊಟ್ಟಿದ್ದಲ್ಲ. ಅಷ್ಟೂ ಹೆಸರು ಮುಗಿಯುವವರೆಗೆ ನಾವು ಅಲುಗುವ ಹಾಗಿರಲಿಲ್ಲ. ಸೆರಗಿನ ಗಂಟಿನೊಳಗಿಂದ ಒಮ್ಮೊಮ್ಮೆ ಒಂದೇ ಒಂದು ಕಿಣಿ ಕೇಳಿಸಿದರೆ ಗಂಟನ್ನು ಅಂಗೈಯಲ್ಲಿ ಅದುಮಿಕೊಳ್ಳುತ್ತಿದ್ದರು, ಅಳುವ ಮಗುವಿನ ಬಾಯಿ ಮುಚ್ಚುವ ಹಾಗೆ.

ಮೊನ್ನೆ ಅಲ್ಲಿ ಎಲ್ಲವೂ ಸದ್ದು. ಸಾಲಿನಲ್ಲಿ ನನ್ನ ಮುಂದಿದ್ದವರು ಫೋನಿನಲ್ಲಿ ಸೈಟಿನ ವ್ಯವಹಾರ ಮಾತಾಡುತ್ತಲೇ ಗರ್ಭಗುಡಿಯ ಎದುರಿಗೂ ಬಂದುಬಿಟ್ಟರು. ಇಲ್ಲಿಂದ ಶಿವನಸಮುದ್ರಕ್ಕೂ ಶ್ರೀರಂಗಕ್ಕೂ ಹೋಗಿ ಒಂದೇ ದಿನದಲ್ಲಿ ಮೂರೂ ಕಡೆಯ ರಂಗನನ್ನು ನೋಡುವ ಅವಸರದವರು ಹಿಂದಿನಿಂದ ನೂಕುತ್ತಿದ್ದರು. ನನಗೂ ಸಿಟ್ಟು ಬಂತು. ಹೇಳಿಬಿಡೋಣ ಅಂತ ಬಾಯಿ ತೆರೆಯುವಾಗ ನನ್ನ ಕಾಲಿನ ಚೈನೇ ಝಲ್ಲೆಂದಿತು. ಬಿಚ್ಚುವುದನ್ನು ನಾನೇ ಮರೆತಿದ್ದೆ! ಬಾಯಿ ಮುಚ್ಚಿಕೊಂಡೆ.

ಎದುರಿಗೆ ಆ ಕರಿಯ ಮೈ, ಆದಿಶೇಷನ ಮೇಲೆ ಉದ್ದಕ್ಕೆ. ಇದೇ ಕೋಟೆಯೊಳಗೆ 1799ರ ಮೇ 4ರಂದು ಫಿರಂಗಿಗಳು ಸಿಡಿದಾಗಲೂ ಹೀಗೇ ಮಲಗಿದ್ದವನು. ಯೋಗನಿದ್ರೆ ಎನ್ನುತ್ತಾರೆ, ಎಲ್ಲ ಕೇಳಿಸಿಕೊಂಡೂ ಕಣ್ಣು ಬಿಡದ ನಿದ್ದೆ. ಸೈಟಿನ ರೇಟೂ ಕೇಳಿಸಿಕೊಂಡಿರಬೇಕು, ನನ್ನ ಚೈನೂ. ಏನು ಬೇಡಬೇಕೆಂದು ಹೋಗಿದ್ದೆನೋ ಅದು ನಾಲಿಗೆಗೆ ಬರಲೇ ಇಲ್ಲ. ಕಣ್ಣು ಮಾತ್ರ ತುಂಬಿಕೊಂಡಿತು. ಅಷ್ಟರಲ್ಲಿ "ಮುಂದೆ ನಡೀರಿ" ಆಯಿತು.

ಮನೆಗೆ ಬಂದು ಪ್ಲಾಸ್ಟಿಕ್ ಬಾಟಲಿ ಚಾಚಿದೆ. ದೊಡ್ಡಮ್ಮ ಏನೂ ಅನ್ನಲಿಲ್ಲ. ನೀರನ್ನು ತಂಬಿಗೆಗೆ ಬಗ್ಗಿಸಿ, ಕಣ್ಣಿಗೊತ್ತಿಕೊಂಡು, ನೆತ್ತಿಗೆ ಮೂರು ಹನಿ ಚಿಮುಕಿಸಿಕೊಂಡರು. ಆಮೇಲೆ ಗುಟ್ಟು ಕೇಳುವವರ ಹಾಗೆ ಬಗ್ಗಿ ಕೇಳಿದರು:

"ಜನ ಇದ್ದರೇನೇ?"

"ತುಂಬಾ ಜನ ದೊಡ್ಡಮ್ಮ. ವಿಪರೀತ ಗಲಾಟೆ."

"ಅಯ್ಯೋ. ಎದ್ದುಬಿಟ್ಟಿದ್ದನಾ?"

"ಇಲ್ಲ, ಮಲಗೇ ಇದ್ದ."

"ಸದ್ಯ" ಎಂದು ತಂಬಿಗೆಯ ಬಾಯಿಗೆ ತಟ್ಟೆ ಮುಚ್ಚಿದರು, ಸದ್ದಾಗದ ಹಾಗೆ.