ಕ್ಲಾಸಿಕ್ ರಾಕ್ ಕೇಳುವವರಿಗೆ ಪಂಕ್: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಂತು ಕೇಳಬೇಕು

ಲೆಡ್ ಜೆಪ್ಲಿನ್, ಡೀಪ್ ಪರ್ಪಲ್ ಎಂದರೆ ಕಿವಿ ನಿಮಿರಿಸುವ ನಮ್ಮವರಲ್ಲಿ ಬಹಳ ಮಂದಿ ಪಂಕ್ ಎಂದೊಡನೆ ಮೂಗು ಮುರಿಯುತ್ತಾರೆ. ಮೂರು ಕಾರ್ಡು (ಗಿಟಾರಿನಲ್ಲಿ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಒಂದಿಷ್ಟು ಕಿರುಚಾಟ, ಅದರಲ್ಲೇನಿದೆ ಅಂತ. ಮೂರು ಕಾರ್ಡು ನಿಜ, ಕಿರುಚಾಟಕ್ಕೂ ಬರವಿಲ್ಲ. ಆದರೆ ಪಂಕ್ ಹುಟ್ಟಿದ್ದು ಕ್ಲಾಸಿಕ್ ರಾಕಿನ ಮನೆಯಲ್ಲೇ. ಮುಖ್ಯವಾಗಿ ಬದಲಾದದ್ದು ನುಡಿಸುವ ಜಾಗದ ಅಳತೆ. 70ರ ದಶಕದ ದೊಡ್ಡ ಬ್ಯಾಂಡುಗಳು ಸ್ಟೇಡಿಯಂಗೆ ಅಂತ ಹಾಡು ಕಟ್ಟಿದವು, ಪಂಕ್‌ನವರು ಇನ್ನೂರು ಮುನ್ನೂರು ಜನ ಹಿಡಿಸುವ ಕೋಣೆಗೆ ಕಟ್ಟಿದರು. ಹಾಗಾಗಿ ರೆಕಾರ್ಡಿನಲ್ಲಿ ಅದು ಅರ್ಧವಷ್ಟೇ ಸಿಗುತ್ತದೆ. ಉಳಿದರ್ಧಕ್ಕೆ ಸಣ್ಣ ಹಾಲ್‌ನಲ್ಲಿ ನಿಂತೇ ಕೇಳಬೇಕು, ಅದೂ ಸರಿಯಾದ ಜಾಗದಲ್ಲಿ ನಿಂತು.

ಮೊದಲು ರೆಕಾರ್ಡಿನ ದಾರಿ. ಪಂಕ್ ಹೆಸರು ಮಾಡಿದ 1977ಕ್ಕೆ ನೇರವಾಗಿ ಹಾರಬೇಡಿ, 1964ರಿಂದ ಬನ್ನಿ. ದ ಕಿಂಕ್ಸ್‌ನ 'ಯೂ ರಿಯಲಿ ಗಾಟ್ ಮಿ' ಹಾಡಿಗಾಗಿ ಗಿಟಾರಿನ ಡೇವ್ ಡೇವೀಸ್ ತನ್ನ ಅಗ್ಗದ ಪುಟ್ಟ ಆಂಪ್‌ನ (ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ) ಸ್ಪೀಕರಿನ ಕಾಗದದ ಕೋನನ್ನು ಬ್ಲೇಡಿನಿಂದ ಸೀಳಿದ. ಆ ಹರಿದ ಕಾಗದದ ಗೊರಗೊರವೇ ಮುಂದೆ ಬಂದ ಎಲ್ಲ ಒರಟು ಗಿಟಾರಿಗೂ ಅಜ್ಜ. ಅಲ್ಲಿಂದ 1965ರ ದ ಹೂ (The Who) ಬ್ಯಾಂಡು. ಆಮೇಲೆ ಅಮೆರಿಕದ ಡೆಟ್ರಾಯಿಟ್ ಸೀಮೆ: 1968ರ ಅಕ್ಟೋಬರಿನಲ್ಲಿ ಅಲ್ಲಿನ ಗ್ರ್ಯಾಂಡಿ ಬಾಲ್‌ರೂಮಿನಲ್ಲಿ ಜನರ ಮುಂದೆಯೇ ರೆಕಾರ್ಡ್ ಮಾಡಿದ ಎಂಸಿ5ನ ಮೊದಲ ಆಲ್ಬಂ, 1969ರ ದ ಸ್ಟೂಜಸ್. ಇಷ್ಟು ಕೇಳಿದ ಮೇಲೆ 1972ರ 'ನಗೆಟ್ಸ್' ಸಂಕಲನ. 60ರ ದಶಕದ ಗ್ಯಾರೇಜ್ ಬ್ಯಾಂಡುಗಳ ಹಾಡುಗಳನ್ನು ಅದಕ್ಕಾಗಿ ಆರಿಸಿದ ಲೆನ್ನಿ ಕೇ ಮುಂದೆ ಪಂಕ್ ಗಾಯಕಿ ಪ್ಯಾಟಿ ಸ್ಮಿತ್‌ಗೆ ಗಿಟಾರ್ ನುಡಿಸಿದವನು. ಹಳೆಯದಕ್ಕೂ ಹೊಸದಕ್ಕೂ ನಡುವಿನ ಕೊಂಡಿ ಇದೇ. ಅಲ್ಲಿಗೆ ಬರುವ ಹೊತ್ತಿಗೆ 1976ರ ರಮೋನ್ಸ್ ನಿಮಗೆ ಆಕಾಶದಿಂದ ಉದುರಿದ ಹಾಗೆ ಅನ್ನಿಸುವುದಿಲ್ಲ. ಆ ಬ್ಯಾಂಡಿನ ಹೆಸರೇ ಪಾಲ್ ಮೆಕಾರ್ಟ್ನಿ ಒಂದು ಕಾಲಕ್ಕೆ ಇಟ್ಟುಕೊಂಡಿದ್ದ 'ಪಾಲ್ ರಮೋನ್' ಎಂಬ ಸುಳ್ಳು ಹೆಸರಿನಿಂದ ಬಂದದ್ದು. ಬೀಟಲ್ಸ್‌ನ ದ್ವೇಷಿಗಳು ಇಡುವ ಹೆಸರಲ್ಲ ಅದು.

ರಮೋನ್ಸ್‌ನ ಮೊದಲ ಆಲ್ಬಂನಲ್ಲಿ 14 ಹಾಡು, ಒಟ್ಟು 29 ನಿಮಿಷ, ಖರ್ಚು ಸುಮಾರು 6,400 ಡಾಲರ್. ಕೇಳುವಾಗ ಒಂದು ಎಚ್ಚರಿಕೆ. ಅದರ ಸ್ಟೀರಿಯೋ ಮಿಕ್ಸಿನಲ್ಲಿ ಗಿಟಾರ್ ಒಂದು ಕಡೆ, ಬೇಸ್ ಇನ್ನೊಂದು ಕಡೆ. ತಂತಿಯ ಇಯರ್‌ಫೋನನ್ನು ಗೆಳೆಯನ ಜೊತೆ ಒಂದೊಂದು ಕಿವಿಗೆ ಹಂಚಿಕೊಂಡರೆ ಒಬ್ಬನಿಗೆ ಗಿಟಾರಿಲ್ಲದ ರಮೋನ್ಸ್, ಇನ್ನೊಬ್ಬನಿಗೆ ಬೇಸಿಲ್ಲದ ರಮೋನ್ಸ್. ಎರಡೂ ಕಿವಿಗೆ ಹಾಕಿಕೊಳ್ಳಿ, ಇಲ್ಲವೇ 2016ರ 40ನೇ ವರ್ಷದ ಆವೃತ್ತಿಯಲ್ಲಿರುವ, ಎರಡೂ ಕಿವಿಗೆ ಒಂದೇ ಸದ್ದು ಕೊಡುವ ಮೋನೋ ಮಿಕ್ಸ್ ಹುಡುಕಿ. ಮೊಬೈಲಿನ ಸ್ಪೀಕರಿನಲ್ಲಂತೂ ಬೇಡ. ಅಷ್ಟು ಚಿಕ್ಕ ಸ್ಪೀಕರಿಗೆ ಬೇಸಿನ ಕೆಳಗಿನ ಸ್ವರ ಎತ್ತುವ ಶಕ್ತಿಯಿಲ್ಲ, ಉಳಿಯುವುದು ಬರೀ ಜಿಂಯ್ ಅನ್ನುವ ಸದ್ದು. 'ಪಂಕ್ ಅಂದರೆ ಗಲಾಟೆ' ಎನ್ನುವವರಲ್ಲಿ ಅರ್ಧ ಜನರ ದೂರು ನಿಜವಾಗಿ ಅವರ ಫೋನಿನ ಮೇಲಿರಬೇಕು.

ಇಂಥದ್ದೇ ಇನ್ನೊಂದು ತೊಡಕು ಸ್ಟೂಜಸ್‌ನ 1973ರ 'ರಾ ಪವರ್'. ಡೇವಿಡ್ ಬೋವಿ ಮಿಕ್ಸ್ ಮಾಡಿದ ಮೂಲ ಆವೃತ್ತಿ ಸ್ವಲ್ಪ ತೆಳು, ಬೇಸ್ ಎಲ್ಲೋ ಮರೆಯಲ್ಲಿರುತ್ತದೆ. 1997ರಲ್ಲಿ ಬ್ಯಾಂಡಿನ ಗಾಯಕ ಇಗ್ಗಿ ಪಾಪ್ ತಾನೇ ಕೂತು ಮತ್ತೆ ಮಿಕ್ಸ್ ಮಾಡಿದ. ಮೀಟರಿನ ಮುಳ್ಳು ಕೆಂಪಿನಿಂದ ಇಳಿಯದಷ್ಟು ಜೋರು, ಸದ್ದು ಅಲ್ಲಲ್ಲಿ ಒಡೆಯುತ್ತದೆ. ಮೊದಲ ಸಲಕ್ಕೆ ಬೋವಿಯದೇ ವಾಸಿ. ಇನ್ನೊಂದನ್ನು ಅರ್ಧ ಗಂಟೆ ಕೇಳಿದರೆ ಕಿವಿ ದಣಿದು, ಹಾಡೇ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬಂದುಬಿಡುತ್ತೀರಿ. ದ ಕ್ಲ್ಯಾಶ್‌ನ 'ಲಂಡನ್ ಕಾಲಿಂಗ್' (1979) ಎರಡು ಎಲ್‌ಪಿ, 19 ಹಾಡು, ಒಂದರ ಬೆಲೆಗೆ ಮಾರಿದ್ದು. ಅದನ್ನು ಒಂದೇ ಉಸಿರಿಗೆ ಕೇಳಬೇಡಿ, ಒಂದು ಹೊತ್ತಿಗೆ ಒಂದು ಮುಖ ಸಾಕು. ರೆಗ್ಗೇ, ರಾಕಬಿಲಿ, ಸ್ಕಾ ಎಲ್ಲ ಅದರಲ್ಲಿದೆ. ಕ್ಲಾಸಿಕ್ ರಾಕ್ ಕೇಳುವವರು ತಕರಾರಿಲ್ಲದೆ ಒಪ್ಪುವ ಪಂಕ್ ಆಲ್ಬಂ ಎಂದರೆ ಇದೊಂದೇ ಇರಬೇಕು.

ಈ ಸಂಗೀತ ಕೆಲಸ ಮಾಡುವುದು ಹೇಗೆ? ಕರ್ನಾಟಕ ಸಂಗೀತ ಕೇಳಿದವರಿಗೆ ಇದು ಸುಲಭ. ಪವರ್ ಕಾರ್ಡ್ ಎಂದರೆ ಸ ಮತ್ತು ಪ, ತಂಬೂರಿಯ ಶ್ರುತಿಯಲ್ಲಿರುವ ಜೋಡಿಯೇ. ನಡುವಿನ ಗಾಂಧಾರ ಇಲ್ಲ, ಹಾಗಾಗಿ ಅದು ಮೇಜರ್ರೂ ಅಲ್ಲ, ಮೈನರ್ರೂ ಅಲ್ಲ. ಗಾಂಧಾರ ಬಿಡುವುದಕ್ಕೆ ಕಾರಣ ಆಂಪ್. ಸದ್ದನ್ನು ಒಡೆದು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದಾಗ ನುಡಿಸಿದ ಸ್ವರಗಳ ಜೊತೆಗೆ ಅವುಗಳ ಕೂಡಿಕೆ, ಕಳೆತದ ಸ್ವರಗಳೂ ಹುಟ್ಟುತ್ತವೆ. ಸ ಮತ್ತು ಪ 2:3ರ ಲೆಕ್ಕದಲ್ಲಿರುವುದರಿಂದ ಹೊಸದಾಗಿ ಹುಟ್ಟಿದವೂ ಅದೇ ಶ್ರುತಿಗೆ ಹೊಂದಿಕೊಂಡು ಕೂರುತ್ತವೆ. ಗಾಂಧಾರ ಸೇರಿಸಿದಿರೋ, ಗಿಟಾರಿನ ಫ್ರೆಟ್ಟಿನ ಗಾಂಧಾರ ಹೇಗೂ ತುಸು ಏರಿರುತ್ತದೆ, ಎಲ್ಲ ಕಲಸಿ ರಾಡಿಯಾಗುತ್ತದೆ. ಪಂಕ್‌ನವರು ಸೋಮಾರಿತನಕ್ಕೆ ಎರಡೇ ಸ್ವರ ಹಿಡಿದರು ಎನ್ನುವವರು ಇದನ್ನೊಮ್ಮೆ ಆಂಪ್ ಹಾಕಿ ನೋಡಬಹುದು.

ಇನ್ನು ಬಲಗೈ. ರಮೋನ್ಸ್‌ನ ಗಿಟಾರಿನವನಾದ ಜಾನಿ ರಮೋನ್ ಒಂದು ಬೆರಳನ್ನು ತಂತಿಗಳಿಗೆಲ್ಲ ಅಡ್ಡ ಒತ್ತಿ ಪೂರ್ತಿ ಬಾರ್ ಕಾರ್ಡ್ ಹಿಡಿಯುತ್ತಿದ್ದ, ಆದರೆ ಮೀಟುತ್ತಿದ್ದದ್ದು ಬರೀ ಕೆಳಮುಖವಾಗಿ. ಆ ಮೊದಲ ಆಲ್ಬಂನ ವೇಗದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಆರು ಮೀಟು, ಹಾಡು ಮುಗಿಯುವವರೆಗೂ. ಕೈ ಮೇಲಕ್ಕೆ ಹೋಗುವಾಗಲೂ ಮೀಟಿದರೆ ಶ್ರಮ ಅರ್ಧವಾಗುತ್ತದೆ, ಆದರೆ ಸದ್ದು ತೆಳುವಾಗುತ್ತದೆ. ಮೇಲ್ಮುಖ ಮೀಟು ಮೊದಲು ತಾಗುವುದು ಸಣ್ಣ ತಂತಿಗಳಿಗೆ, ಕೆಳಮುಖದ್ದು ದಪ್ಪ ತಂತಿಗೆ. ಅಭ್ಯಾಸ ಮಾಡುವವರು ಮೆಟ್ರೋನೋಮನ್ನು (ತಾಳ ತಟ್ಟುವ ಯಂತ್ರ) ನಿಮಿಷಕ್ಕೆ 120 ತಟ್ಟಿಗಿಟ್ಟು ತಟ್ಟಿಗೆ ಎರಡು ಮೀಟಿನಂತೆ ಎರಡು ನಿಮಿಷ ಎಳೆಯಿರಿ. ಆಮೇಲೆ ಹತ್ತತ್ತು ಏರಿಸಿ. ಕೈ ಮೊಣಕೈಯಿಂದ ಆಡುತ್ತಿದ್ದರೆ 150 ದಾಟುವಾಗ ಮುಂಗೈ ಬಿಗಿದು ನಿಲ್ಲುತ್ತದೆ. ಮಣಿಕಟ್ಟಿನಿಂದ ಆಡಬೇಕು, ಪಿಕ್ಕಿನ ತುದಿ ಬೆರಳಿನಿಂದ ಸ್ವಲ್ಪವೇ ಹೊರಗಿರಬೇಕು.

ಪಂಕ್‌ನಿಂದ ನಮ್ಮ ಊರು ಕಲಿಯಬೇಕಾದದ್ದು ಇನ್ನೊಂದಿದೆ. ಹಿಲ್ಲಿ ಕ್ರಿಸ್ಟಲ್ 1973ರಲ್ಲಿ ನ್ಯೂಯಾರ್ಕಿನ ಬೌವರಿ ರಸ್ತೆಯಲ್ಲಿ ತೆರೆದ ಸಿಬಿಜಿಬಿ ಕ್ಲಬ್ಬಿನಲ್ಲಿ ಬ್ಯಾಂಡುಗಳು ತಮ್ಮದೇ ಹಾಡು ನುಡಿಸಬೇಕು ಎಂಬ ನಿಯಮವಿತ್ತು. ಬೆಂಗಳೂರಿನ ಪಬ್ಬುಗಳಲ್ಲಿ ಇವತ್ತಿಗೂ ಎರಡನೇ ಹಾಡಿಗೇ 'ಹೋಟೆಲ್ ಕ್ಯಾಲಿಫೋರ್ನಿಯಾ' ಅಂತ ಹಿಂದಿನಿಂದ ಕೂಗುತ್ತಾರಲ್ಲ, ಅದಕ್ಕೆ ಅಲ್ಲಿ ಜಾಗವಿರಲಿಲ್ಲ. ಮ್ಯಾಂಚೆಸ್ಟರಿನಲ್ಲಿ 1976ರ ಜೂನ್ 4ರಂದು ಸೆಕ್ಸ್ ಪಿಸ್ಟಲ್ಸ್ ನುಡಿಸಿದ ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಟಿಕೆಟ್ 50 ಪೆನ್ಸ್, ಹಾಲ್ ಮುಕ್ಕಾಲು ಖಾಲಿ. ಅದನ್ನು ಏರ್ಪಡಿಸಿದ ಹುಡುಗರೇ ಬಜ್‌ಕಾಕ್ಸ್ ಬ್ಯಾಂಡಿನವರು. ಅವರು 500 ಪೌಂಡ್ ಸಾಲ ಮಾಡಿ, 1977ರ ಜನವರಿಯಲ್ಲಿ 'ಸ್ಪೈರಲ್ ಸ್ಕ್ರ್ಯಾಚ್' ಎಂಬ ನಾಲ್ಕು ಹಾಡಿನ 7 ಇಂಚಿನ ರೆಕಾರ್ಡನ್ನು ಮೊದಲಿಗೆ ಸಾವಿರ ಪ್ರತಿ ಒತ್ತಿಸಿದರು. ಯಾವ ಹಾಡು ಎಷ್ಟನೇ ಟೇಕ್, ಮೇಲೆ ಏನಾದರೂ ಸೇರಿಸಿದ್ದೇವೆಯೇ ಎಂಬುದನ್ನೂ ಹಿಂಬದಿಯಲ್ಲಿ ಅಚ್ಚು ಹಾಕಿಸಿದರು. ಓದಿದವರಿಗೆ ಲೆಕ್ಕ ಸಿಕ್ಕಿತು: ಇಷ್ಟೇ ತಾನೇ, ನಾವೂ ಮಾಡಬಹುದು.

ಈಗ ಹಾಲ್‌ಗೆ ಬರೋಣ. ಟಿಕೆಟ್ಟಿನಲ್ಲಿ ಎರಡು ಹೊತ್ತು ಬರೆದಿರುತ್ತಾರೆ, ಬಾಗಿಲು ತೆರೆಯುವುದು 7ಕ್ಕೆ, ಶುರು 8ಕ್ಕೆ ಅಂತ. ಮೊದಲಿನ ಬ್ಯಾಂಡಿಗೆ ಅರ್ಧ ಗಂಟೆ, ನಡುವೆ ಸಾಮಾನು ಬದಲಿಸಲು ಇಪ್ಪತ್ತು ನಿಮಿಷ, ಕೊನೆಯವರಿಗೆ ಒಂದು ಗಂಟೆ ಅಥವಾ ಚೂರು ಹೆಚ್ಚು. ಪಂಕ್ ರಾತ್ರಿಯಲ್ಲಿ ಮೂರು ನಾಲ್ಕು ಬ್ಯಾಂಡುಗಳಿದ್ದರೆ ಡ್ರಮ್ ಸೆಟ್ ಎಲ್ಲರಿಗೂ ಒಂದೇ. ಸ್ನೇರ್, ಸಿಂಬಲ್, ಕಾಲಿನ ಪೆಡಲ್ ಮಾತ್ರ ಅವರವರದು. ಮೊದಲ ಬ್ಯಾಂಡನ್ನು ತಪ್ಪಿಸಬೇಡಿ. ಜನ ಕಡಿಮೆ ಇರುತ್ತಾರೆ, ಮುಂದೆ ನಿಂತು ಗಿಟಾರಿನವರ ಕೈ ನೋಡಲು ಅದೇ ಸಮಯ.

ಸಣ್ಣ ಹಾಲ್‌ನಲ್ಲಿ ಹೊಸಬರ ಮಾಮೂಲಿ ದೂರು ಒಂದೇ: ಹಾಡುವವನ ದನಿಯೇ ಕೇಳಿಸಲಿಲ್ಲ. ಸ್ಟೇಜಿಗೆ ಅಂಟಿ ನಿಂತರೆ ಕೇಳಿಸುವುದೂ ಇಲ್ಲ. ಡ್ರಮ್ಮು, ಗಿಟಾರಿನ ಆಂಪು ನೇರವಾಗಿ ನಿಮ್ಮ ಎದೆಗೆ ಹೊಡೆಯುತ್ತವೆ. ದನಿ ಬರುವುದು ಅಕ್ಕಪಕ್ಕದ ದೊಡ್ಡ ಸ್ಪೀಕರುಗಳಿಂದ, ಅವು ನಿಮ್ಮ ತಲೆ ಮೇಲಿಂದ ಹಿಂದಕ್ಕೆ ಮುಖ ಮಾಡಿರುತ್ತವೆ. ಸೌಂಡ್ ಮೇಜು ಎಲ್ಲಿದೆ ನೋಡಿ, ಅದರ ಮುಂದೆ ಎರಡು ಹೆಜ್ಜೆ, ಹಾಲ್‌ನ ನಡುಗೆರೆಯ ಹತ್ತಿರ ನಿಲ್ಲಿ. ಎಂಜಿನಿಯರಿಗೆ ಕೇಳಿಸಿದ್ದೇ ನಿಮಗೂ ಕೇಳಿಸುತ್ತದೆ. ಗೋಡೆಯ ಮೂಲೆ ಬೇಡ, ಅಲ್ಲಿ ಬೇಸ್ ಗುಡ್ಡೆಯಾಗಿ ಗುಯ್ಯೆನ್ನುತ್ತದೆ.

ದನಿ ಹೂತುಹೋಗಲು ಗಾಯಕನೇ ಕಾರಣವಾಗುವುದೂ ಉಂಟು. ಕ್ಲಬ್ಬುಗಳಲ್ಲಿ ಹೆಚ್ಚಾಗಿ ಕಾಣುವ ಮೈಕು 1966ರಿಂದ ಬರುತ್ತಿರುವ ಶೂರ್ ಎಸ್‌ಎಂ58. ಅದು ಮುಂದಿನ ಸದ್ದನ್ನು ಹಿಡಿಯುತ್ತದೆ, ಹಿಂದಿನದನ್ನು ಬಿಡುತ್ತದೆ. ಅದಕ್ಕೇ ಗಾಯಕರಿಗೆ ತಮ್ಮ ದನಿ ಕೇಳಿಸಲು ಕಾಲಬಳಿ ಇಡುವ ಮಾನಿಟರ್ ಸ್ಪೀಕರನ್ನು ಮೈಕಿನ ಬೆನ್ನ ಕಡೆ ಇಡುತ್ತಾರೆ. ಹಿಂದಿನ ಸದ್ದನ್ನು ಕಳೆಯಲು ಗುಂಡು ಜಾಲರಿಯ ಒಳಗೆ, ಸದ್ದು ಹಿಡಿಯುವ ಕ್ಯಾಪ್ಸೂಲಿನ ಹಿಂಬದಿಯಲ್ಲಿ ಗಾಳಿಯಾಡುವ ಕಿಂಡಿಗಳಿವೆ. ಪಂಕ್ ಗಾಯಕರು ಗತ್ತಿಗೆ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದರೆ ಆ ಕಿಂಡಿಗಳಿಗೆ ಗಾಳಿ ತಪ್ಪುತ್ತದೆ, ಮೈಕು ಸುತ್ತಲಿನ ಸದ್ದನ್ನೆಲ್ಲ ನುಂಗುತ್ತದೆ. ಮಾನಿಟರಿನ ಸದ್ದು ಮೈಕಿಗೆ, ಮೈಕಿನದು ಮತ್ತೆ ಮಾನಿಟರಿಗೆ ಸುತ್ತಿ ಕುಂಯ್ ಎಂದು ಕೂಗುತ್ತದೆ. ಎಂಜಿನಿಯರ್ ದನಿ ಇಳಿಸದೆ ವಿಧಿಯಿಲ್ಲ. ಮುಂದಿನ ಸಲ ಆ ಕೂಗು ಕೇಳಿದಾಗ ಸೌಂಡಿನವನನ್ನು ಬೈಯುವ ಮೊದಲು ಗಾಯಕನ ಕೈ ಎಲ್ಲಿದೆ ನೋಡಿ.

ಕಿವಿಗೆ ಇಯರ್‌ಪ್ಲಗ್ ಬೇಕೇ ಬೇಕು. ಸಾಮಾನ್ಯ ಲೆಕ್ಕ ಹೀಗೆ: 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ, ಮೇಲೆ 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧ. 100 ಡೆಸಿಬೆಲ್‌ಗೆ ಬಂದರೆ 15 ನಿಮಿಷ. ಸಣ್ಣ ಕ್ಲಬ್ಬು ಅಷ್ಟನ್ನು ಸಲೀಸಾಗಿ ಮುಟ್ಟುತ್ತದೆ. ಹತ್ತಿ, ಟಿಶ್ಯೂ ಪೇಪರ್ ಹೆಚ್ಚುಕಡಿಮೆ ಲೆಕ್ಕಕ್ಕಿಲ್ಲ. ಫೋಮ್ ಪ್ಲಗ್ಗಾದರೆ ಬೆರಳಲ್ಲಿ ಹೊಸೆದು ಬತ್ತಿ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತಳ್ಳಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಎದುರಿನಿಂದ ನೋಡಿದರೆ ಪ್ಲಗ್ ಎದ್ದು ಕಂಡಿತೆಂದರೆ ಸರಿಯಾಗಿ ಕೂತಿಲ್ಲ. ಹೀಗೆ ಅರೆಬರೆ ಹಾಕಿಕೊಂಡವರಿಗೆ ಪೊಟ್ಟಣದ ಮೇಲೆ ಬರೆದದ್ದರ ಅರ್ಧ ರಕ್ಷಣೆ ಸಿಕ್ಕರೂ ದೊಡ್ಡದು. ಫೋಮ್ ಸಿಂಬಲ್ಲಿನ ಮೇಲಿನ ಸದ್ದನ್ನೇ ಹೆಚ್ಚು ಕತ್ತರಿಸುವುದರಿಂದ ಹಾಡು ಕಂಬಳಿ ಹೊದ್ದಂತೆ ಕೇಳುತ್ತದೆ. ಅದು ಸಹಿಸದಿದ್ದರೆ ಸಂಗೀತಕ್ಕೆಂದೇ ಮಾಡಿದ, ಎಲ್ಲ ಸ್ವರವನ್ನೂ ಸಮನಾಗಿ ಇಳಿಸುವ ಸಿಲಿಕೋನ್ ಪ್ಲಗ್ ಕೊಳ್ಳಿ. ವರ್ಷಗಟ್ಟಲೆ ಜೋರು ಸದ್ದಿಗೆ ಕಿವಿ ಕೆಡಿಸಿಕೊಂಡ ಗಿಟಾರಿನ ಪೀಟ್ ಟೌನ್‌ಶೆಂಡ್‌ನ ಕಥೆಯನ್ನು ದ ಹೂ ಅಭಿಮಾನಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಸ್ಟೇಜಿನ ಮುಂದೆ ಸುತ್ತುತ್ತಾ ಒಬ್ಬರನ್ನೊಬ್ಬರು ತಳ್ಳಾಡುವ ಜಾಗವೇ ಪಿಟ್. ಬಿದ್ದವರನ್ನು ತಕ್ಷಣ ಎತ್ತುವುದು ಅಲ್ಲಿನ ಮೊದಲ ನಿಯಮ. ಕನ್ನಡಕ ತೆಗೆದಿಡಿ, ಲೇಸಿಗೆ ಎರಡು ಗಂಟು ಹಾಕಿ, ಬ್ಯಾಗ್ ತರಲೇಬೇಡಿ. ಬೇಡದವರು ಪಿಟ್ಟಿನ ಅಂಚಿನಲ್ಲಿ ಕೈ ಅಡ್ಡ ಹಿಡಿದು ನಿಂತರೆ ಸಾಕು, ಯಾರೂ ಒಳಗೆ ಎಳೆಯುವುದಿಲ್ಲ. ಪಿಟ್ ನೋಡಲು ಭಯಂಕರ, ಆದರೆ ಅಲ್ಲಿ ಓಡಾಡಲು ಜಾಗವಿರುತ್ತದೆ. ನಿಜವಾದ ಅಪಾಯ ಜಾಗವೇ ಇಲ್ಲದ ನೂಕುನುಗ್ಗಲು. 1979ರ ಡಿಸೆಂಬರ್ 3ರಂದು ಸಿನ್ಸಿನಾಟಿಯಲ್ಲಿ ದ ಹೂ ಕಾರ್ಯಕ್ರಮಕ್ಕೆ ಮುನ್ನ 11 ಜನ ಸತ್ತದ್ದು ಬಾಗಿಲ ಬಳಿ. ಆಸನ ಗೊತ್ತುಪಡಿಸದ ಟಿಕೆಟ್ಟು, ತೆರೆದ ಬಾಗಿಲು ಬೆರಳೆಣಿಕೆಯಷ್ಟು. ಅಂಥ ಕಡೆ ಸಿಕ್ಕಿಕೊಂಡರೆ ಮುಷ್ಟಿ ಎದೆಯ ಮುಂದೆ ತಂದು ಉಸಿರಿಗೆ ಜಾಗ ಮಾಡಿಕೊಳ್ಳಿ. ತಳ್ಳಾಟಕ್ಕೆ ಎದುರು ನಿಲ್ಲಬೇಡಿ, ಅಲೆ ಸಡಿಲಾದಾಗಲೆಲ್ಲ ಓರೆಯಾಗಿ ಪಕ್ಕಕ್ಕೆ ಸರಿಯಿರಿ. ಬಿದ್ದ ಫೋನಿಗೆ ಬಗ್ಗಬೇಡಿ.

ದೊಡ್ಡ ಮೈದಾನದ ರಾಕ್ ಶೋ ಬೇರೆಯೇ ಕಸುಬು. ಬೆಂಗಳೂರಿನ ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ಹಿಂದೆ ನಿಂತವರಿಗೆ ಇದು ಗೊತ್ತು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ನೂರು ಮೀಟರ್ ದೂರದಲ್ಲಿ ಡ್ರಮ್ಮರ್ ಕೋಲು ಇಳಿಸಿದ್ದು ಕಂಡು ಹೆಚ್ಚುಕಡಿಮೆ 0.3 ಸೆಕೆಂಡಿನ ಮೇಲೆ ಏಟು ಕೇಳುತ್ತದೆ. ಮೈದಾನದ ನಡುವೆ ಸ್ಪೀಕರಿನ ಗೋಪುರ ನಿಲ್ಲಿಸಿ, ಅದರ ಸದ್ದನ್ನು ಸ್ಟೇಜಿನ ಸದ್ದು ಅಲ್ಲಿಗೆ ತಲುಪುವಷ್ಟು ತಡಮಾಡಿ ಬಿಡುತ್ತಾರೆ. ಅಂಥ ಗೋಪುರ ಕಂಡರೆ ಅದರ ಹಿಂದೆ ಹತ್ತು ಹದಿನೈದು ಮೀಟರಿನಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತದೆ. ನಮ್ಮಲ್ಲಿ ಬಯಲಿನ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕೆಂಬ ನಿಯಮ 2000ದಿಂದಲೇ ಇದೆ, ಆದ್ದರಿಂದ ಇಲ್ಲಿನ ಶೋಗಳು ಬೇಗ ಶುರು. ಟ್ರಾಫಿಕ್ಕನ್ನು ನಂಬಿ ಹೊರಟರೆ ಅರ್ಧ ಹಾಡು ಹೊರಗಿನಿಂದಲೇ. ಒಂದೇ ಟಿಕೆಟ್ಟಿನ ದುಡ್ಡಿದ್ದರೆ, ನಮ್ಮ ಮತ ಸಣ್ಣ ಹಾಲ್‌ಗೆ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿದ ಕನ್ನಡದವರಿಗೆ ಪಂಕ್, ಕ್ಲಾಸಿಕ್ ರಾಕ್ ಎರಡೂ ಕೈಗೆಟುಕುವಷ್ಟು ಹತ್ತಿರ. ಬರ್ಕ್ಲಿಯ 924 ಗಿಲ್ಮನ್ ಸ್ಟ್ರೀಟ್ ಎಂಬ ಪಂಕ್ ಕ್ಲಬ್ 1986ರ ಕೊನೆಯ ರಾತ್ರಿ ಶುರುವಾದದ್ದು. ಸ್ವಯಂಸೇವಕರೇ ನಡೆಸುತ್ತಾರೆ, ಮದ್ಯ ಇಲ್ಲ, ಎಲ್ಲ ವಯಸ್ಸಿನವರಿಗೂ ಪ್ರವೇಶವಿದೆ, ಹೈಸ್ಕೂಲ್ ಮಕ್ಕಳನ್ನೂ ಕರೆದೊಯ್ಯಬಹುದು. ಗ್ರೀನ್ ಡೇ ಬೆಳೆದದ್ದು ಅಲ್ಲೇ, ದೊಡ್ಡ ರೆಕಾರ್ಡ್ ಕಂಪನಿಗೆ ಸಹಿ ಹಾಕಿದ ಮೇಲೆ ಅವರಿಗೆ ಅಲ್ಲಿ ಸ್ಟೇಜು ಮುಚ್ಚಿದ್ದೂ ನಿಜ. ಕ್ಲಾಸಿಕ್ ರಾಕಿಗೆ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ಇದೆ, ಬಾಗಿಲಲ್ಲಿ ಪುಕ್ಕಟೆ ಸೇಬು ಇಡುವ ಜಾಗ.

ಶೋ ಮುಗಿದು ಹೊರಡುವಾಗ, ಬ್ಯಾಂಡಿನವರು ತಮ್ಮ ರೆಕಾರ್ಡು ಮುಂತಾದವನ್ನು ಮಾರುವ ಮೇಜಿನತ್ತ ಹೋಗಿ. ಊರೂರು ತಿರುಗುವ ಸಣ್ಣ ಬ್ಯಾಂಡಿಗೆ ಪೆಟ್ರೋಲಿನ ದುಡ್ಡು ಹುಟ್ಟುವುದು ಬಹುಪಾಲು ಅಲ್ಲೇ. ಚಿಲ್ಲರೆ ನೋಟು ಇಟ್ಟುಕೊಂಡಿರಿ. 7 ಇಂಚಿನ ರೆಕಾರ್ಡ್ ಕೊಂಡರೆ ಮನೆಯಲ್ಲಿ ಹಾಕುವ ಮೊದಲು ನಡುವಿನ ಲೇಬಲ್ ಓದಿ. 7 ಇಂಚು ಎಂದರೆ ನಿಮಿಷಕ್ಕೆ 45 ಸುತ್ತಿನ ವೇಗ ಎಂದುಕೊಳ್ಳುತ್ತೇವೆ, ಆದರೆ ಒಂದು ಮುಖಕ್ಕೆ ಮೂರು ನಾಲ್ಕು ಹಾಡು ತುರುಕಲು ಬಹಳ ಪಂಕ್ ಬ್ಯಾಂಡುಗಳು 33ರಲ್ಲಿ ಒತ್ತಿಸುತ್ತವೆ. ಹಾಡುವವನ ದನಿ ಎಂಟು ವರ್ಷದ ಹುಡುಗನದರಂತೆ ಕೇಳಿದರೆ ವೇಗ ಬದಲಿಸಿ. ಡ್ರಮ್ಮು ಮಾತ್ರ ನಂಬಿಕೆಗೆ ಅರ್ಹವಲ್ಲ, ಪಂಕ್‌ನ ಇನ್ನೂ ವೇಗದ ಕವಲಾದ ಹಾರ್ಡ್‌ಕೋರ್‌ನವರದು 33ರಲ್ಲೂ ಹಾಗೇ ಓಡುತ್ತಿರುತ್ತದೆ.