ನಮ್ಮೂರಲ್ಲಿ ಇಂಥದ್ದೇನೂ ಇಲ್ಲ ಅಂದಿದ್ದೆ

ಅಕ್ಟೋಬರ್ ಮೊದಲ ವಾರದ ಒಂದು ಸಂಜೆ. ಪಕ್ಕದ ಮನೆಯ ಅಜ್ಜ ಅಂಗಳದ ಎಲೆ ಬಳಿದು ಗುಂಪಿ ಹಾಕುತ್ತಿದ್ದರು. ನಾನು ಆಗಷ್ಟೇ ಕೆಲಸದಿಂದ ಬಂದು ಕಾರಿನಿಂದ ಚೀಲ ಇಳಿಸುತ್ತಿದ್ದೆ. "ನಿಮ್ಮೂರಲ್ಲಿ ಈ ಕಾಲ ಹೇಗಿರುತ್ತೆ?" ಅಂತ ಕೇಳಿದರು. ದಣಿವಾಗಿತ್ತು. "ನಮ್ಮಲ್ಲಿ ಇಂಥದ್ದೇನೂ ಇಲ್ಲ. ಮಳೆ ಮುಗಿಯುತ್ತೆ, ಸ್ವಲ್ಪ ಚಳಿ, ಆಮೇಲೆ ಬರೀ ಬಿಸಿಲು" ಅಂದೆ.

ಏಳು ವರ್ಷದ ಮಗಳು ಪಕ್ಕದಲ್ಲೇ ಇದ್ದಳು. ನನ್ನ ಮುಖ ನೋಡಿ ಕೇಳಿದಳು. "ಹಂಗಂದ್ರ ಮುತ್ಯಾನ ಊರಾಗ ಎಲಿ ಬಂಗಾರ ಆಗಂಗಿಲ್ಲನು?"

ಮುತ್ಯಾ ಅಂದರೆ ಆಕೆಯ ಅಜ್ಜ, ನನ್ನ ಅಪ್ಪ. ಆ ಮಾತು ರಾತ್ರಿಯೆಲ್ಲ ಕೊರೆಯಿತು. ನಾನು ಬಾಗಲಕೋಟೆಯವಳು. ಎಲೆಗೆ ಬಂಗಾರ ಅಂತ ಹೆಸರಿಟ್ಟು ಮನೆಮನೆಗೆ ಹಂಚಿ ಬೆಳೆದವಳು. ಬನ್ನಿ ಹಬ್ಬ ಇನ್ನೊಂದು ವಾರದಲ್ಲೇ ಇತ್ತು. ಅದು ಯಾಕೆ ನನ್ನ ಬಾಯಿಗೆ ಬರಲಿಲ್ಲ?

ನಾವಿರುವುದು ಅಮೆರಿಕದ ವರ್ಮಾಂಟ್ ರಾಜ್ಯದ ಬ್ರ್ಯಾಟಲ್‌ಬರೋದಲ್ಲಿ. 12 ಸಾವಿರ ಜನರ ಊರು. ಕನೆಕ್ಟಿಕಟ್ ನದಿ ಊರಿಗೆ ಹತ್ತಿಕೊಂಡೇ ಹರಿಯುತ್ತದೆ. ಹೊಳೆ ದಾಟಿದರೆ ನ್ಯೂ ಹ್ಯಾಂಪ್‌ಶೈರ್, ಎದುರಿಗೇ ವಾಂಟಾಸ್ಟಿಕೆಟ್ ಗುಡ್ಡ. ಸೆಪ್ಟೆಂಬರ್ ಕೊನೆಗೆ ಆ ಗುಡ್ಡದಲ್ಲಿ ಎಲ್ಲೋ ಒಂದು ಟೊಂಗೆ ಕೆಂಪಾಗುತ್ತದೆ. ಒಂದೇ ಒಂದು. ಎರಡು ವಾರ ಬಿಟ್ಟು ನೋಡಿದರೆ ಇಡೀ ಗುಡ್ಡಕ್ಕೆ ಯಾರೋ ಇಳಕಲ್ ಸೀರೆ ಉಡಿಸಿದಂತೆ ಕಾಣುತ್ತದೆ. ಮೇಪಲ್ ಕೆಂಪು ಮತ್ತು ಕಿತ್ತಳೆ, ಬರ್ಚ್ ಹಳದಿ, ಎಲ್ಲದರ ಕೊನೆಗೆ ಓಕ್. ಬರೀ ಎಲೆ ನೋಡಲೆಂದೇ ಜನ ದೂರದೂರದಿಂದ ಗಾಡಿ ಮಾಡಿಕೊಂಡು ಬರುತ್ತಾರೆ. ರಸ್ತೆ ಬದಿಯಲ್ಲಿ ರೈತರು ಕುಂಬಳಕಾಯಿ, ಸೇಬು ಸಾಲಾಗಿ ಇಟ್ಟು ಪಕ್ಕದಲ್ಲೊಂದು ಡಬ್ಬಿ ಇಟ್ಟಿರುತ್ತಾರೆ. ಕಾಯುವವರು ಯಾರೂ ಇರುವುದಿಲ್ಲ. ದುಡ್ಡು ಹಾಕಿ ಕಾಯಿ ಎತ್ತಿಕೊಂಡು ಹೋಗುವುದು, ಅಷ್ಟೇ. ನನಗೆ ಆ ಡಬ್ಬಿ ನೋಡಿದಾಗಲೆಲ್ಲ ಬಹಳ ಸಂತೋಷ ಆಗುತ್ತದೆ.

ಅಜ್ಜ ಮೊದಲು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಎಲೆಯ ಗುಟ್ಟನ್ನು ಮಗಳಿಗೆ ಅವರೇ ಹೇಳಿದ್ದು. ಹಗಲು ಸಣ್ಣದಾಗುತ್ತಾ ಬಂದ ಹಾಗೆ ಗಿಡ ಹಸಿರು ಮಾಡುವುದನ್ನು ನಿಲ್ಲಿಸುತ್ತದೆ. ಇದ್ದ ಹಸಿರೂ ಕರಗುತ್ತದೆ. ಆಗ ಹಳದಿ ಕಾಣುತ್ತದೆ. ಹಳದಿ ಹೊಸದಾಗಿ ಬಂದದ್ದಲ್ಲ, ಮೊದಲಿಂದಲೂ ಒಳಗೇ ಇತ್ತು, ಹಸಿರು ಅದನ್ನು ಮುಚ್ಚಿತ್ತು. ಕೆಂಪು ಮಾತ್ರ ಈ ಕಾಲಕ್ಕೆಂದೇ ತಯಾರಾಗುತ್ತದೆ, ಎಲೆಯಲ್ಲಿ ಉಳಿದುಕೊಂಡ ಸಕ್ಕರೆಯಿಂದ. ಹಗಲು ಬಿಸಿಲು, ರಾತ್ರಿ ತಂಪು ಇದ್ದ ವರ್ಷ ಕೆಂಪು ಜಾಸ್ತಿ. ಇದೇ ಮೇಪಲ್ ಗಿಡಕ್ಕೆ ಚಳಿಗಾಲದ ಕೊನೆಗೆ ತೂತು ಕೊರೆದು ರಸ ಇಳಿಸುತ್ತಾರೆ. ಸುಮಾರು 40 ಲೀಟರ್ ರಸ ಕಾಯಿಸಿದರೆ 1 ಲೀಟರ್ ಪಾಕ. ಮೊದಲ ಸಲ ಆ ಕೊಪ್ಪರಿಗೆಯ ಹಬೆ ಮುಖಕ್ಕೆ ಬಡಿದಾಗ ನನಗೆ ಮಹಾಲಿಂಗಪುರದ ಕಡೆಯ ಬೆಲ್ಲದ ಗಾಣದ ಮನೆ ನೆನಪಾಗಿ ಕಣ್ಣು ತುಂಬಿತ್ತು.

ನಮ್ಮ ಕಡೆ ಎಲೆ ಉದುರುವುದು ಈ ಕಾಲದಲ್ಲಿ ಅಲ್ಲವೇ ಅಲ್ಲ. ಬೇವು, ಅರಳಿ ಉದುರುವುದು ಶಿವರಾತ್ರಿ ಹೊತ್ತಿಗೆ, ನೆಲದ ಹಸಿ ಆರಿ ಬಿಸಿಲು ಏರುವಾಗ. ಉದುರಿದ ಬೆನ್ನಿಗೇ ಚಿಗುರು. ಯುಗಾದಿಗೆ ಬೇವಿನ ಹೂವು ಸಿದ್ಧ. ಗಿಡ ಬೋಳಾಗಿ ನಿಲ್ಲುವುದು ಕೆಲವೇ ದಿನ. ಇಲ್ಲಿಯ ಹಾಗೆ ನವೆಂಬರಿನಿಂದ ಏಪ್ರಿಲ್ ಕೊನೆಯವರೆಗೆ ಒಣ ಟೊಂಗೆ ನೋಡಿಕೊಂಡು ಕೂರಬೇಕಿಲ್ಲ. ಇಲ್ಲಿ ಎಲೆ ಬೀಳುವ ಅಕ್ಟೋಬರಿನಲ್ಲಿ ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಬಿತ್ತನೆ. ಹಸ್ತಿ ಮಳೆ, ಚಿತ್ತಿ ಮಳೆಯ ಹಸಿಗೆ ಬಿಳಿಜೋಳ ಮೊಳಕೆ ಒಡೆಯುತ್ತದೆ. ಶೀಗಿ ಹುಣ್ಣಿಮೆಗೆ ಅವ್ವ ಸಜ್ಜಿ ರೊಟ್ಟಿ, ಕಡುಬು, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಬುಟ್ಟಿ ತುಂಬಿಕೊಂಡು ಹೊಲಕ್ಕೆ ಹೋಗುತ್ತಿದ್ದಳು. ಭೂಮಿತಾಯಿ ಬಸುರಿ, ಆಕೆಗೆ ಬಯಕೆ ಊಟ. ಅಪ್ಪ ಮುಂದೆ ಚರಗ, ಅಂದರೆ ಎಡೆಯ ಅಡುಗೆ, ಹೊಲದ ತುಂಬ ಚೆಲ್ಲುತ್ತಾ ಹೋದರೆ ನಾವು ಹಿಂದೆ ಓಡುತ್ತಿದ್ದೆವು. ಇಷ್ಟೆಲ್ಲ ಇದ್ದ ಕಾಲಕ್ಕೆ "ಇಂಥದ್ದೇನೂ ಇಲ್ಲ" ಅಂದುಬಿಟ್ಟಿದ್ದೆ.

ಇನ್ನು ಬನ್ನಿ. ನವರಾತ್ರಿಯ ದಿನಗಳಲ್ಲಿ ಓಣಿಯ ಹೆಣ್ಣುಮಕ್ಕಳು ನಸುಕಿನಲ್ಲೇ ಎದ್ದು ಬನ್ನಿಗಿಡಕ್ಕೆ ಹೋಗುತ್ತಿದ್ದರು. ಕತ್ತಲಲ್ಲಿ ಆರತಿಗಳ ಸಾಲು. ಅವ್ವನ ಸೆರಗು ಹಿಡಿದು ನಿದ್ದೆಗಣ್ಣಲ್ಲಿ ನಾನೂ ಗಿಡ ಸುತ್ತುತ್ತಿದ್ದೆ. ಹಬ್ಬದ ಸಂಜೆ ಹೊಸ ಬಟ್ಟೆ, ಕೈ ತುಂಬ ಎಲೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಕೊಟ್ಟು ಹಿರಿಯರ ಕಾಲಿಗೆ ಬೀಳುವುದು. ವರ್ಷವಿಡೀ ಮಾತು ಬಿಟ್ಟವರ ಮನೆಗೂ ಹೋಗಬೇಕಿತ್ತು. ನಮ್ಮ ದೊಡ್ಡಪ್ಪನಿಗೂ ಅಪ್ಪನಿಗೂ ಹೊಲದ ಬದುವಿನ ಸಲುವಾಗಿ ಜಗಳ ಇತ್ತು. ಅವರು ಎದುರು ಬದುರು ನಿಂತು ನೋಡಿದ್ದು ಆ ಒಂದು ಸಂಜೆ ಮಾತ್ರ. ಎಲೆ ಕೊಡುತ್ತಿದ್ದರು, ತಗೊಳ್ಳುತ್ತಿದ್ದರು, ಮಾತಿಲ್ಲ. ಆದರೂ ದೊಡ್ಡಪ್ಪ ತನಗೆ ಸಿಕ್ಕ ಆ ಎಲೆಯನ್ನು ಅಂಗಿ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ.

ಒಂದು ಮಾತು ನೋವಿನಿಂದಲೇ ಹೇಳುತ್ತೇನೆ. ಬನ್ನಿಗಾಗಿ ನಾವು ಗಿಡವನ್ನೇ ಬೋಳಿಸುತ್ತೇವೆ. ನಾಲ್ಕು ಎಲೆ ಸಾಕಾಗುವಲ್ಲಿ ಟೊಂಗೆಗಟ್ಟಲೆ ಮುರಿಯುತ್ತೇವೆ. ಹಬ್ಬದ ಮರುದಿನ ಆ ಬಂಗಾರವೆಲ್ಲ ರಸ್ತೆಯಲ್ಲಿ ಗಾಡಿಗಳ ಕೆಳಗೆ ಬಿದ್ದಿರುತ್ತದೆ. ಅಪ್ಪ ಮಾತ್ರ "ಗಿಡಕ್ಕ ಕೇಳಿ ತಗೋಬೇಕು" ಅಂತ ಕೈ ಮುಗಿದು ಒಂದು ಸಣ್ಣ ಎಸಳು ಮುರಿಯುತ್ತಿದ್ದರು. ಅಪ್ಪನಂಥವರು ಕಡಿಮೆಯಾದರು, ಬನ್ನಿಗಿಡಗಳೂ ಕಡಿಮೆಯಾದವು.

ಅಕ್ಟೋಬರ್ 12, ಶನಿವಾರ, ಬನ್ನಿ. ನಮಗೆ ಬೆಳಿಗ್ಗೆ ಎಂಟೂವರೆ, ಅಲ್ಲಿ ಸಂಜೆ ಆರು. ಅಪ್ಪ ವಿಡಿಯೋದಲ್ಲಿ ಮೊಮ್ಮಗಳಿಗೆ ಆ ಮಾತು ಹೇಳಿಕೊಟ್ಟರು. ನಾಲ್ಕು ಸಲ ಹೇಳಿಸಿದರು. ಆಕೆ ಫೋನು ನನ್ನ ಕೈಗಿಟ್ಟು ಹೊರಗೆ ಓಡಿದಳು. ಕಿಟಕಿಯಿಂದ ನೋಡಿದೆ. ಅಂಗಳದಲ್ಲಿ ಬಿದ್ದ ಎಲೆಗಳಲ್ಲಿ ಒಂದು ಹಳದಿ ಮೇಪಲ್ ಎಲೆ ಆರಿಸಿಕೊಂಡು ಅಜ್ಜನ ಬಾಗಿಲು ಬಡಿದಳು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂದು ಕಾಲು ಮುಟ್ಟಿದಳು. ಅವರು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಹೋಗಿ ಅರ್ಥ ಹೇಳಿದೆ.

ಅವರು ಎಲೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ಮೆಟ್ಟಿಲು ಇಳಿದು ಅಂಗಳಕ್ಕೆ ಬಂದರು. ಮಂಡಿ ನೋವು ಅವರಿಗೆ, ಆದರೂ ಬಗ್ಗಿ ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡಿ, ತೂತಿಲ್ಲದ ಒಂದನ್ನು ಆರಿಸಿ ಆಕೆಯ ಕೈಗೆ ಕೊಟ್ಟರು. ಬನ್ನಿ ಕೊಟ್ಟವರಿಗೆ ತಿರುಗಿ ಬನ್ನಿ ಕೊಡಬೇಕು ಅಂತ ನಾನು ಹೇಳಿರಲಿಲ್ಲ.

"ನಿಮ್ಮಲ್ಲಿ ಇಂಥದ್ದೇನೂ ಇಲ್ಲ ಅಂದಿದ್ದಿರಿ" ಅಂದರು ನನಗೆ, ಮೆಲ್ಲಗೆ. "ತಪ್ಪು ಹೇಳಿದ್ದೆ" ಅಂದೆ.

ಈಗ ಎಲೆಗಳೆಲ್ಲ ಉದುರಿವೆ. ಚಳಿಗಾಲಕ್ಕೆಂದು ಇಲ್ಲಿಯ ಗಡಿಯಾರ ನವೆಂಬರ್ 3ಕ್ಕೆ ಒಂದು ತಾಸು ಹಿಂದಕ್ಕೆ ಹೋಯಿತು. ಬಾಗಲಕೋಟೆಗೂ ನಮಗೂ ಇದ್ದ ಒಂಬತ್ತೂವರೆ ತಾಸಿನ ಅಂತರ ಹತ್ತೂವರೆ ಆಯಿತು. ಪ್ರತಿ ವರ್ಷ ಈ ದಿನ ಅಪ್ಪ ಅವ್ವ ಇನ್ನಷ್ಟು ದೂರ ಸರಿದ ಹಾಗೆ ಅನ್ನಿಸುತ್ತದೆ. ಐದು ಗಂಟೆಗೆಲ್ಲ ಕತ್ತಲು.

ಮೊನ್ನೆ ಹೊಳೆಯ ಮೇಲೆ ಕೆನಡಾ ಹೆಬ್ಬಾತುಗಳು ಬಾಣದ ಆಕಾರದಲ್ಲಿ ಕೂಗುತ್ತಾ ದಕ್ಷಿಣಕ್ಕೆ ಹೋದವು. "ಮುತ್ಯಾನ ಊರಿಗೆ ಹೊಂಟಾವನು?" ಅಂತ ಮಗಳು ಕೇಳಿದಳು. ಈ ಸಲ ನಾನು ಸುಮ್ನೆ ಇಲ್ಲ ಅನ್ನಲಿಲ್ಲ. ಆ ಊರಿಗೆ ಬರುವ ಹೆಬ್ಬಾತುಗಳೇ ಬೇರೆ ಅಂತ ಹೇಳಿದೆ. ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಹಿಮಾಲಯ ದಾಟಿಕೊಂಡು ಚಳಿಗಾಲಕ್ಕೆ ಆಲಮಟ್ಟಿ ಹಿನ್ನೀರಿಗೆ ಬಂದು ಇಳಿಯುತ್ತವೆ. ಆ ಹಿನ್ನೀರೇ ಹಳೇ ಬಾಗಲಕೋಟೆಯ ನಮ್ಮ ಓಣಿಯನ್ನು ತಗೊಂಡಿದ್ದು. ನಾವು ನವನಗರಕ್ಕೆ ಬಂದೆವು. ಅವ್ವ ಆರತಿ ಬೆಳಗುತ್ತಿದ್ದ ಬನ್ನಿಗಿಡ ನೀರಿನ ಕೆಳಗೆ ಉಳಿಯಿತು. ಅದನ್ನೂ ಹೇಳಿದೆ. ಮಕ್ಕಳಿಗೆ ಇಷ್ಟು ಹೇಳಬೇಕೋ ಬೇಡವೋ ಗೊತ್ತಿಲ್ಲ, ಆದರೆ ಇನ್ನೊಮ್ಮೆ "ಏನೂ ಇಲ್ಲ" ಅನ್ನಲು ನನಗೆ ಮನಸ್ಸು ಬರಲಿಲ್ಲ.

ರಾತ್ರಿ ಫೋನು ಮಾಡಿದಾಗ ಆಕೆ ಮೊದಲು ಕೇಳಿದ್ದು ಅದನ್ನೇ. "ಮುತ್ಯಾ, ಹಕ್ಕಿ ಬಂದ್ವನು?"

"ಇನ್ನ ಬಂದಿಲ್ಲವಾ" ಅಂದರು ಅಪ್ಪ. "ನಾಳಿಂದ ದಿನಾ ಮುಂಜಾನೆ ಹೊಳಿ ಕಡೆ ಹೋಗಿ ನೋಡಿ ಬರ್ತೀನಿ."